ಕೊಡಗಿನ ಮಳೆಗೆ ಚೂರು ಬಟ್ಟೆಯ ಪುಟ್ಟ ಕೌದಿ

ಕೊಡಗಿನಲ್ಲಿ ಕೌದಿ ಹೊಲಿಯುವವರು ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದ್ದು ಅದು ಒಣಗುತ್ತದೋ ಇಲ್ಲವೋ ಅನ್ನುವುದನ್ನು. ಜೂನ್‌ ಬಂತೆಂದರೆ ಮಡಿಕೇರಿಯಲ್ಲಿ ಒಂದು ಟವೆಲ್ ಒಣಗುವುದೇ ಕಷ್ಟ. ಒಳಗೆ ಹತ್ತಿ ತುಂಬಿದರೆ ನೀರು ಕುಡಿದು ಗಂಟುಗಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಮಗುವಿಗೆ ಹೊದಿಸುವುದಾದರೆ ಆಗಾಗ ಒಗೆಯಲೇಬೇಕಲ್ವಾ?

ನಮ್ಮ ಪಕ್ಕದ ಮನೆಯ ಅಕ್ಕ ಗದಗದ ಕಡೆಯವರು. ತಂಗಿಯ ಮಗುವಿಗೆ ಒಂದು ಹೊಲಿಯಬೇಕು ಅಂದಾಗ, "ಹತ್ತಿ ಯಾಕ್ರಿ? ಒಳಗ ಹಳೇ ಕಾಟನ್ ಸೀರಿ ಹಾಕ್ರಿ" ಅಂದರು. ಅಮ್ಮನ ಒಂದು ಸವೆದ ಸೀರೆಯನ್ನು ಎರಡು ಪದರ ಮಾಡಿ ಇಟ್ಟುಕೊಂಡೆ. ಅಷ್ಟು ಸಾಕು.

ನಾನು ಬ್ಲೌಸ್ ಹೊಲಿಯುವವಳು, ಚೂರುಗಳಿಗೆ ಬರವಿಲ್ಲ. ಆರಿಸುವುದೇ ದೊಡ್ಡ ಕೆಲಸ. ಪಾಪ್ಲಿನ್, ರುಬಿಯಾದಂಥ ತೆಳು ಬ್ಲೌಸ್ ಬಟ್ಟೆ ಒಳ್ಳೆಯದು. ರೇಷ್ಮೆ ತುಂಡು, ಕುಪ್ಯ (ಕೊಡವ ಗಂಡಸರ ನಿಲುವಂಗಿ) ಹೊಲಿದು ಮಿಕ್ಕ ದಪ್ಪ ಕಪ್ಪು ಬಟ್ಟೆ ಎಷ್ಟೇ ಆಸೆಯಾದರೂ ಬೇಡ. ತೆಳು ಕಾಟನ್ ಪಕ್ಕ ಸೇರಿಸಿದರೆ ಸುಮ್ನೆ ಎಳೆದುಕೊಳ್ಳುತ್ತವೆ. ಅನುಮಾನ ಬಂದರೆ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೆಂಪು, ಮೆರೂನ್ ಚೂರುಗಳನ್ನು ಬೇರೆಯಾಗಿ ನೆನೆಸಿ, ನೀರು ತಿಳಿಯಾಗುವ ತನಕ ಒಗೆಯಿರಿ. ಉಳಿದವನ್ನೂ ಒಮ್ಮೆ ಒಗೆದೇ ಕತ್ತರಿಸಿ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ.

ರಟ್ಟಿನಲ್ಲಿ ನಾಲ್ಕೂವರೆ ಇಂಚಿನ ಚೌಕದ ಅಚ್ಚು ಮಾಡಿಕೊಂಡೆ. ಸುತ್ತ ಕಾಲು ಇಂಚು ಹೊಲಿಗೆಗೆ ಹೋಗಿ 4 ಇಂಚು ಉಳಿಯುತ್ತದೆ. ಅಡ್ಡಕ್ಕೆ 9, ಉದ್ದಕ್ಕೆ 10, ಒಟ್ಟು 90 ಚೂರು. ಅಂದರೆ 36 ಇಂಚು ಅಗಲ, 40 ಇಂಚು ಉದ್ದ. ಒಂದು ಸಾಲಿನ ಹೊಲಿಗೆ ಅಂಚುಗಳನ್ನು ಎಡಕ್ಕೆ ಮಡಚಿ ಇಸ್ತ್ರಿ ಮಾಡಿದರೆ ಮುಂದಿನ ಸಾಲಿನವನ್ನು ಬಲಕ್ಕೆ ಮಡಚಿ. ಆಗ ಸಾಲುಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ, ಮೂಲೆಗಳು ತಪ್ಪುವುದಿಲ್ಲ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಚೂರುಗಳನ್ನು ಮೊದಲೇ ಜೋಡಿಸುವುದಿಲ್ಲ. ಅಂಚಿನಿಂದ ಶುರುಮಾಡಿ, ಒಂದೊಂದೇ ಚೂರು ಮಡಚಿಟ್ಟು, ಸುತ್ತುತ್ತಾ ನಡುವಿಗೆ ಬರುತ್ತಾರೆ. ಆ ಕೈ ನನಗಿಲ್ಲ. ಅಡಿಬಟ್ಟೆಯನ್ನು ಎಲ್ಲ ಕಡೆ 2 ಇಂಚು ದೊಡ್ಡದಾಗಿ ಕತ್ತರಿಸಿ ನೆಲಕ್ಕೆ ಟೇಪ್ ಅಂಟಿಸಿ ಬಿಗಿಮಾಡಿದೆ. ಅದರ ಮೇಲೆ ಸೀರೆ, ಮೇಲೆ ಚೂರಿನ ಹಾಸು. ನಡುವಿನಿಂದ ಹೊರಗೆ ಕಚ್ಚಾ ಹೊಲಿಗೆ ಹಾಕಿದ ಮೇಲೆ ನಿಧಾನವಾಗಿ ಕೈಹೊಲಿಗೆ. ಮೆಷಿನ್ನಲ್ಲೂ ಆಗುತ್ತದೆ, ಆದರೆ ಕೈಹೊಲಿಗೆಯಷ್ಟು ಮೆತ್ತಗಿರುವುದಿಲ್ಲ ಅಂತ ನನ್ನ ಲೆಕ್ಕ.

ಅಂಚುಪಟ್ಟಿಗೆ ಜರಿ ಬಾರ್ಡರ್ ಬೇಡ, ಮಗುವಿನ ಕೆನ್ನೆ ಗೀರುತ್ತದೆ. ನಾನು ಹಾಕಿದ್ದು ಹಳೇ ಲುಂಗಿ.

ಮಳೆಗಾಲದಲ್ಲಿ ಒಗೆದರೆ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತೇವೆ. ಹೊಗೆ ವಾಸನೆ ಅಂತ ತಂಗಿ ಗೊಣಗುತ್ತಾಳೆ. ಬೂಷ್ಟಿನ ವಾಸನೆಗಿಂತ ವಾಸಿ ಅಂತ ನಾನು.