ಒಂದು ಕಡ್ಡಿ ಸಿಗ್ನಲ್ ಇದ್ದ ಹಳ್ಳಿಮನೆಗೆ ನೆಟ್ ತಂದ ಬಗೆ: ನನ್ನ ಅನುಭವ

ಹಳ್ಳಿಗೆ ಬಂದು ನೆಲೆಸುವವರು ನೀರು, ರಸ್ತೆ, ಆಸ್ಪತ್ರೆ ಎಲ್ಲ ವಿಚಾರಿಸುತ್ತಾರೆ. ನೆಟ್ ಮಾತು ಬಂದಾಗ ಮಾತ್ರ "ಒಂದು ಕಡ್ಡಿ ಬರುತ್ತಲ್ಲ, ಸಾಕು" ಅಂತ ಸುಮ್ಮನಾಗುತ್ತಾರೆ. ಆ ಒಂದು ಕಡ್ಡಿಯಲ್ಲಿ ಯಾವ ಕೆಲಸವೂ ಆಗುವುದಿಲ್ಲ. ನಮ್ಮ ಮನೆ ತಗ್ಗಿನಲ್ಲಿದೆ, ಸುತ್ತ ಮರ, ಟವರ್ ಗುಡ್ಡದ ಆಚೆ. ಫೈಬರ್ ಕೇಳಿದರೆ ಕಂಬದ ಖರ್ಚೆಲ್ಲ ನಿಮ್ಮದೇ ಅಂದರು. ತಿಳಿದವರೂ "ಅಲ್ಲಿ ಆಗಲ್ಲ, ಪೇಟೆಯಲ್ಲಿ ಒಂದು ರೂಮು ಮಾಡಿ" ಅಂದರು. ಈಗ ಅದೇ ಮನೆಯಲ್ಲಿ ಕೂತು ದಿನವಿಡೀ ವಿಡಿಯೋ ಕಾಲ್‌ನಲ್ಲಿ ಕೆಲಸ ಮಾಡುತ್ತೇನೆ. ಹಗಲು 30 ಎಂಬಿಪಿಎಸ್ ಆಸುಪಾಸು ಬರುತ್ತದೆ, ಸಂಜೆ ಸ್ವಲ್ಪ ಇಳಿಯುತ್ತದೆ.

ಮೊದಲು ದುಡ್ಡು ಹೋದ ಲೆಕ್ಕ ಹೇಳುತ್ತೇನೆ. ಎಲ್ಲರೂ ಹೇಳುವ ಬೂಸ್ಟರ್ ತಂದೆ. ಕಡ್ಡಿಗಳು ತುಂಬಿದವು, ವೇಗ ಇದ್ದಲ್ಲೇ ಇತ್ತು. ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಪರವಾನಗಿ ಇಲ್ಲದ ಬೂಸ್ಟರ್ ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಟವರ್‌ಗೂ ಅದರಿಂದ ತೊಂದರೆ. ಬಿಚ್ಚಿಟ್ಟೆ. ಆ ದುಡ್ಡಿಗೆ ಒಳ್ಳೆಯ ಆಂಟೆನಾ ಎರಡು ಜೊತೆ ಬರುತ್ತಿತ್ತು.

ಆಮೇಲೆ ಮಾಡಿನ ಮೇಲೆ ಯಾಗಿ (ಹಳೆಯ ಟಿವಿ ಆಂಟೆನಾದಂಥ, ಒಂದೇ ದಿಕ್ಕಿಗೆ ಹಿಡಿಯುವ ಆಂಟೆನಾ), ಕೋಣೆಯಲ್ಲಿ ಸಿಮ್ ಹಾಕುವ ರೌಟರ್, ನಡುವೆ 15 ಮೀಟರ್ ತೆಳು ಕೇಬಲ್. ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಅನ್ನುವ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಮೈನಸ್ 114ರಿಂದ ಮೈನಸ್ 112ಕ್ಕೆ ಬಂತು, ಅಷ್ಟೇ. ಆರ್‌ಜಿ 58 ಅನ್ನುವ ಆ ತೆಳು ಕೇಬಲ್ 1800 ಮೆಗಾಹರ್ಟ್ಜ್‌ನಲ್ಲಿ ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಬಿ (ಸಿಗ್ನಲ್ ಏರಿಳಿತದ ಅಳತೆ) ನುಂಗುತ್ತದೆ. ಆಂಟೆನಾ ಕೊಟ್ಟಿದ್ದನ್ನೆಲ್ಲ ಕೇಬಲ್ ತಿಂದು ಮುಗಿಸುತ್ತಿತ್ತು. ದಪ್ಪ ಕೇಬಲ್ ಹಾಕೋಣ ಅಂದರೆ ಅದರ ಬೆಲೆ ಆಂಟೆನಾಕ್ಕಿಂತ ಜಾಸ್ತಿ.

ಕೊನೆಗೆ ರೌಟರನ್ನೇ ಕಂಬ ಹತ್ತಿಸಿದೆ. ಮುಚ್ಚಿದ ಬಿಳಿ ಡಬ್ಬಿಯೊಳಗೆ ರೌಟರ್, ಆಂಟೆನಾದಿಂದ ಅದಕ್ಕೆ ಒಂದು ಮೊಳದಷ್ಟು ಕೇಬಲ್. ಕೆಳಗೆ ಬರುವುದು ಲ್ಯಾನ್ ವೈರ್ ಮಾತ್ರ. ಡೇಟಾ ಅದರಲ್ಲಿ 100 ಮೀಟರ್‌ವರೆಗೆ ತಕರಾರಿಲ್ಲದೆ ಓಡುತ್ತದೆ, ರೌಟರಿಗೆ ಕರೆಂಟನ್ನೂ ಅದರಲ್ಲೇ ಕಳಿಸಿದೆ. ಮಳೆ, ಬಿಸಿಲಿಗೆ ಎಲೆಕ್ಟ್ರಾನಿಕ್ಸ್ ಹಾಳಾಗುತ್ತೆ ಅಂತ ಎಲ್ಲರೂ ಹೆದರಿಸಿದ್ದು ಇಲ್ಲೇ. ಡಬ್ಬಿಗೆ ತೂತು ತಳದಲ್ಲಿ ಮಾತ್ರ ಇರಲಿ, ತೂತಿಗೆ ಸಣ್ಣ ಜಾಲರಿ ಬೇಕು, ಇರುವೆ ಸೇರಿದರೆ ಕತೆ ಮುಗಿಯಿತು. ವೈರು ಡಬ್ಬಿಗಿಂತ ಕೆಳಗೆ ಇಳಿದು, ಬಾಗಿ, ಮತ್ತೆ ಮೇಲೆ ಹತ್ತಿ ಒಳಗೆ ಹೋಗಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಇಲ್ಲಿ ತುಂಬ ದಿನ ಕಾಡಿದ್ದು ಒಂದು ವಿಚಿತ್ರ ತೊಂದರೆ. ಸುಮ್ನೆ ಇದ್ದಾಗ ರೌಟರ್ ಚೆನ್ನಾಗಿರುತ್ತಿತ್ತು, ವಿಡಿಯೋ ಕಾಲ್ ಶುರು ಮಾಡಿದ ತಕ್ಷಣ ಆಫ್ ಆಗಿ ಆನ್ ಆಗುತ್ತಿತ್ತು. ರೌಟರ್ ಕೆಟ್ಟಿದೆ ಅಂತ ಇನ್ನೊಂದು ತಂದರೂ ಅದೇ ಪಾಡು. ಕಂಬ ಹತ್ತಿ ಮಲ್ಟಿಮೀಟರ್ ಹಿಡಿದು, ಕೆಳಗಿದ್ದ ಒಬ್ಬರಿಗೆ ವಿಡಿಯೋ ಕಾಲ್ ಹಚ್ಚಲು ಹೇಳಿದೆ. 12 ವೋಲ್ಟ್ ಕಳಿಸಿದ್ದು ಮೇಲೆ ಒಂಬತ್ತೂವರೆಗೆ ಕುಸಿಯುತ್ತಿತ್ತು. ಲ್ಯಾನ್ ವೈರಿನ ನೀಲಿ, ಕಂದು ಜೋಡಿಗಳಲ್ಲಿ ಸುಮಾರು 30 ಮೀಟರ್ ಕರೆಂಟು ಹೋದರೆ ಅಷ್ಟು ಬೀಳಲೇಬೇಕು. ಕೆಳಗಿನಿಂದ 24 ವೋಲ್ಟ್ ಕಳಿಸಿ, ಡಬ್ಬಿಯೊಳಗೆ ಬಕ್ ಕನ್ವರ್ಟರ್ ಅನ್ನುವ, ವೋಲ್ಟ್ ಇಳಿಸುವ ಚಿಕ್ಕ ಬೋರ್ಡ್ ಇಟ್ಟು 12ಕ್ಕೆ ಇಳಿಸಿದೆ. ಆ ದಿನದಿಂದ ಒಮ್ಮೆಯೂ ಆಫ್ ಆಗಿಲ್ಲ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಸಾಮಾನು ಅದೇ.

24 ವೋಲ್ಟ್‌ನಿಂದ ಕರೆಂಟ್ ಹೋದಾಗ ಇನ್ನೊಂದು ಲಾಭ. 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಸಾಕು, ಇನ್ವರ್ಟರ್ ಬೇಡ. ಹೊಸದರಲ್ಲಿ ಎಂಟು-ಹತ್ತು ಗಂಟೆ ಬಂತು.

ಆಂಟೆನಾ ತಿರುಗಿಸುವಾಗ ಕಡ್ಡಿ ನೋಡಬೇಡಿ. ಆರ್‌ಎಸ್‌ಆರ್‌ಪಿಯನ್ನೂ ಪೂರ್ತಿ ನಂಬಬೇಡಿ, ಎಸ್‌ಐಎನ್‌ಆರ್ ನೋಡಿ. ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ ಅದು, ಹೆಚ್ಚಿದ್ದಷ್ಟೂ ಒಳ್ಳೆಯದು. ನಾಲ್ಕೈದು ಡಿಗ್ರಿ ತಿರುಗಿಸಿ, ಒಂದು ನಿಮಿಷ ಬಿಡಿ, ಬರೆದುಕೊಳ್ಳಿ. ಎರಡು ಆಂಟೆನಾಗಳನ್ನು ಒಂದಕ್ಕೊಂದು ಅಡ್ಡ ಬರುವಂತೆ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ಓರೆಯಾಗಿ ಕೂರಿಸಿ. ನಮ್ಮಲ್ಲಿ ಟವರ್ ಕಡೆ ನೇರ ಹಿಡಿದಾಗ ಎಸ್‌ಐಎನ್‌ಆರ್ 3ರ ಹತ್ತಿರ ಇತ್ತು. ಪಕ್ಕದ ಬೋಳು ಬಂಡೆಯ ಕಡೆ ತಿರುಗಿಸಿದಾಗ 13 ದಾಟಿತು. ಸಿಗ್ನಲ್ ಬಂಡೆಗೆ ಬಡಿದು ಬರುತ್ತಿತ್ತು. ಮ್ಯಾಪ್ ನೋಡಿ ಗೆರೆ ಎಳೆದು ಕೂರಿಸುವವರಿಗೆ ಇದು ಎಂದೂ ಸಿಗುವುದಿಲ್ಲ. ಇದನ್ನು ಕಂಡುಕೊಂಡಿದ್ದರ ಬಗ್ಗೆ ನನಗೆ ಹೆಮ್ಮೆ ಇದೆ.

ಮಳೆಗಾಲದಲ್ಲಿ ಒದ್ದೆ ಎಲೆ ಹೆಚ್ಚು ಮೆಗಾಹರ್ಟ್ಜ್‌ನ ಬ್ಯಾಂಡ್‌ಗಳ (ಸಿಗ್ನಲ್ ಓಡುವ ತರಂಗಪಟ್ಟಿಗಳ) ಸಿಗ್ನಲ್ ತಡೆದುಬಿಡುತ್ತದೆ. ಆಗ ರೌಟರ್ 850 ಮೆಗಾಹರ್ಟ್ಜ್ ಬ್ಯಾಂಡನ್ನಷ್ಟೇ ಹಿಡಿಯುವಂತೆ ಲಾಕ್ ಮಾಡುತ್ತೇನೆ. ವೇಗ ಕಡಿಮೆ, ಆದರೆ ಕಾಲ್ ಕಡಿಯುವುದಿಲ್ಲ. ಸಂಜೆ ಜನಸಂದಣಿ ಹೊತ್ತಿಗೆ ಬೇರೊಂದು ದೂರದ ಟವರ್‌ಗೆ ರೌಟರ್ ತಾನೇ ಜಿಗಿಯುವ ಹಾಗೆ ಮಾಡಿದ್ದೇನೆ. ಅದರ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಸುಲಭವಾಗಿ ಸಿಕ್ಕಿದ್ದಲ್ಲ ಅದು.

ನಡುವೆ ಹಳೆಯ ಟಿವಿ ಡಿಶ್‌ನ ನಾಭಿಯಲ್ಲಿ, ಅಂದರೆ ಡಿಶ್ ಮುಂದೆ ಸಿಗ್ನಲ್ ಬಂದು ಸೇರುವ ಜಾಗದಲ್ಲಿ, ಸಿಮ್ ಹಾಕುವ ಯುಎಸ್‌ಬಿ ಡಾಂಗಲ್ ಕಟ್ಟಿಯೂ ನೋಡಿದೆ. ನಂಬಲಾಗದಷ್ಟು ಏರಿತು! ಆದರೆ ಗಾಳಿಗೆ ಡಿಶ್ ಬೆರಳಗಲ ಅಲುಗಿದರೂ ಹೋಯಿತು. ಮರಕ್ಕೆ ಆಂಟೆನಾ ಕಟ್ಟಿದಾಗಲೂ ಇದೇ ಗೋಳು, ಮರ ತೂಗುತ್ತದಲ್ವಾ? ಕಬ್ಬಿಣದ ಕಂಬವೇ ಸರಿ. ಕಂಬಕ್ಕೆ ಅರ್ಥಿಂಗ್ ಕೊಡಲೇಬೇಕು, ಲ್ಯಾನ್‌ಗೆ ಸರ್ಜ್ ಪ್ರೊಟೆಕ್ಟರ್ (ಥಟ್ಟನೆ ನುಗ್ಗುವ ಹೆಚ್ಚು ವೋಲ್ಟ್ ತಡೆಯುವ ಸಾಧನ) ಬೇಕು. ಅಷ್ಟಿದ್ದರೂ ಸಿಡಿಲಿನ ದಿನ ನಾನು ಕೆಳಗಿನ ಪ್ಲಗ್ ಕಿತ್ತಿಡುತ್ತೇನೆ. ದೂರ ಬಿದ್ದ ಒಂದು ಸಿಡಿಲಿಗೆ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್ ಸುಟ್ಟಿತ್ತು.

ಒಟ್ಟು ಖರ್ಚು ಫೈಬರ್‌ಗೆ ಕೇಳಿದ್ದರ ಮೂರನೇ ಒಂದು ಭಾಗ ಇರಬಹುದು. ಅದರಲ್ಲಿ ಅರ್ಧ ಈಗ ಅಟ್ಟದ ಮೇಲಿದೆ.

ಈಗ ಅಕ್ಕಪಕ್ಕದವರು ಬ್ಯಾಂಕ್ ಕೆಲಸಕ್ಕೆ, ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಲು, ಮಕ್ಕಳ ಅರ್ಜಿ ತುಂಬಲು ನಮ್ಮ ಜಗಲಿಗೇ ಬರುತ್ತಾರೆ. ಮೊದಲು ಇದಕ್ಕೆಲ್ಲ ಒಂದು ದಿನದ ಕೆಲಸ ಬಿಟ್ಟು ಪೇಟೆಗೆ ಹೋಗಬೇಕಿತ್ತು. ಆಚೆ ದಿಬ್ಬದ ಮನೆಯವರೂ ಇಂಥದ್ದೇ ಒಂದು ಕಂಬ ನಿಲ್ಲಿಸಿದ್ದಾರೆ. ಅವರಿಗೆ ಬಂಡೆಯ ಆಸರೆ ಇಲ್ಲ, ಟವರ್ ನೇರ ಕಾಣುತ್ತದೆ. ಅಲ್ಲಿ ಒಂದೇ ಸಂಜೆಯಲ್ಲಿ ಎಸ್‌ಐಎನ್‌ಆರ್ 18ರ ಹತ್ತಿರ ಬಂತು.