ತಲೆ ಬದಲಾದರೂ ಕುದುರೆ ಅದೇ: ಲೊಂಬಾರ್‌ನ ತಗಡು ಪತ್ತೆ ಹಚ್ಚಿದ ಬಗೆ

ಹದಿನೇಳನೇ ಶತಮಾನದ ಫ್ರೆಂಚ್ ಕೆತ್ತನೆಗಾರ ಪಿಯೆರ್ ಲೊಂಬಾರ್ ಕೆತ್ತಿದ ಕುದುರೆ ಸವಾರನ ಅಚ್ಚುಚಿತ್ರ ಬಲ್ಲವರಿಗೆ ಕಥೆ ಬೇಕಿಲ್ಲ. ಭಂಗಿ ಚಿತ್ರಕಾರ ವ್ಯಾನ್ ಡೈಕ್ 1633ರಲ್ಲಿ ಬರೆದ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ನದು. ಅಚ್ಚು ಹಾಕುವ ತಾಮ್ರದ ತಗಡಿನ ಮೇಲೆ ಒಮ್ಮೆ ಆ ರಾಜನ ವೈರಿ ಕ್ರಾಮ್‌ವೆಲ್ ತಲೆ, ಒಮ್ಮೆ ಫ್ರಾನ್ಸಿನ ಹದಿನಾಲ್ಕನೇ ಲೂಯಿ, ಇನ್ನೊಮ್ಮೆ ಚಾರ್ಲ್ಸ್. ತಲೆಯೇ ಇಲ್ಲದ ಪ್ರತಿಯೂ ಉಂಟು. ಬರೀ ಫೋಟೋ ಇಟ್ಟುಕೊಂಡು ಇವು ಒಂದೇ ತಗಡಿನವು ಎಂದು ತೋರಿಸಲಾಗದು, ನಕಲು ಕೆತ್ತನೆಯೂ ಇರಬಹುದು ಎಂದು ಬಲ್ಲವರೇ ವಾದಿಸುತ್ತಿದ್ದರು. ತೋರಿಸಬಹುದು, ತೋರಿಸಿದ್ದೇನೆ.

ಎಲ್ಲರೂ ಮಾಡುವಂತೆ ಪ್ಲೇಟ್ ಮಾರ್ಕಿನ (ತಗಡಿನ ಅಂಚು ಕಾಗದದಲ್ಲಿ ಒತ್ತಿದ ಗುರುತು) ನಾಲ್ಕು ಮೂಲೆ ಹಿಡಿದು ಫೋಟೋ ಮೇಲೆ ಫೋಟೋ ಕೂರಿಸಿದರೆ ಏನೂ ಹೊಂದುವುದಿಲ್ಲ. ಅಚ್ಚು ಹಾಕಿದ್ದು ಒದ್ದೆ ಕಾಗದಕ್ಕೆ. ಒಣಗುವಾಗ ಅದು ಉದ್ದಕ್ಕೊಂದು, ಅಡ್ಡಕ್ಕೊಂದು ಅಳತೆಯಲ್ಲಿ ಕುಗ್ಗುತ್ತದೆ. ನೂರಕ್ಕೆ ಒಂದು ಎಂದರೂ ಅರ್ಧ ಮೀಟರಿಗೆ 5 ಮಿಮೀ. ಹಾಗಾಗಿ ಮೂಲೆ ಬಿಟ್ಟು ಕುದುರೆಯ ಕಣ್ಣು, ರಿಕಾಪು, ಗೊರಸಿನ ಅಂಚು, ಹೀಗೆ ಎಂಟು ಹತ್ತು ಬಿಂದು ಹಿಡಿದು ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಉದ್ದ ಅಗಲ ಬೇರೆ ಬೇರೆಯಾಗಿ ಎಳೆದು ಕೂರಿಸಿದೆ. ಮೇಲಿನ ಪದರವನ್ನು ಡಿಫರೆನ್ಸ್ ಮೋಡಿಗೆ (ಎರಡೂ ಒಂದೇ ಆದ ಕಡೆ ಕಪ್ಪು, ಬೇರೆಯಾದ ಕಡೆ ಬೆಳಕು ತೋರುವ ಆಯ್ಕೆ) ಹಾಕಿದೊಡನೆ ಕುದುರೆ ಪೂರ್ತಿ ಕಪ್ಪಾಯಿತು; ಮುಖ, ಕೂದಲು ಮಾತ್ರ ಬೆಳ್ಳಗೆ ಉಳಿದವು. ನಕಲು ಕೆತ್ತನೆಯಾದರೆ ಹೊಟ್ಟೆಯ ಅಡ್ಡಗೆರೆಗಳು ಇಷ್ಟು ಕೂಡುವುದಿಲ್ಲ. ಆಯ್ದ ಬಿಂದುಗಳಲ್ಲಿ ಎರಡರ ಗುಟ್ಟು ನನ್ನ ಬಳಿಯೇ ಇರಲಿ. ತಗಡು ಸವೆದರೂ ಅವು ಬೇಗ ಅಳಿಯುವುದಿಲ್ಲ.

ಹಾಳೆ ಕೈಯಲ್ಲಿದ್ದರೆ ಇನ್ನೊಂದು ಪರೀಕ್ಷೆ ಇದೆ. ತಲೆ ಅಳಿಸಲು ತಾಮ್ರ ಕೆರೆದು, ಬರ್ನಿಷರ್ ಎಂಬ ನುಣುಪು ಮಾಡುವ ಉಪಕರಣದಿಂದ ಉಜ್ಜುತ್ತಾರೆ. ಅಲ್ಲಿ ಬಿದ್ದ ತಗ್ಗನ್ನು ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಎತ್ತದಿದ್ದರೆ ಶಾಯಿ ನಿಂತು ತಲೆಯ ಸುತ್ತ ಬೂದು ಮಬ್ಬು ಕಾಣುತ್ತದೆ. ಕಾಗದವೂ ಅಲ್ಲಿ ತುಸು ಉಬ್ಬುತ್ತದೆ. ಇದನ್ನು ಹಿಡಿಯಲು ಎಂಟು ಸಾವಿರದಷ್ಟು ಸುರಿದು ತಂದ ಫ್ಲಾಟ್‌ಬೆಡ್ ಸ್ಕ್ಯಾನರ್ ದಂಡ: ಗಾಜು ಒತ್ತಿ ಉಬ್ಬು ಮುಚ್ಚುತ್ತದೆ, ಬೆಳಕೂ ಸಾಕಷ್ಟು ಓರೆಯಾಗಿ ಬೀಳುವುದಿಲ್ಲ. ಕೆಲಸ ಮಾಡಿದ್ದು ಮುನ್ನೂರು ಚಿಲ್ಲರೆ ರೂಪಾಯಿಯ ಎಲ್‌ಇಡಿ ಟಾರ್ಚ್. ಕತ್ತಲೆ ಕೋಣೆ, ಹಾಳೆಗೆ ಸುಮಾರು 10 ಡಿಗ್ರಿ ಕೋನ, ಬೆಳಕು ಎಡದಿಂದೊಮ್ಮೆ, ಹಾಳೆಯ ಮೇಲಂಚಿನ ಕಡೆಯಿಂದೊಮ್ಮೆ, ಕ್ಯಾಮೆರಾ ಅಲುಗಬಾರದು. ತೊಳೆದು ಒತ್ತಿದ, ಹಿಂದೆ ಕಾಗದ ಅಂಟಿಸಿದ ಹಾಳೆಗಳಲ್ಲಿ ಉಬ್ಬು ಸತ್ತಿರುತ್ತದೆ; ಆಗ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ತಲೆಯ ಹೊರ ಅಂಚಿನಲ್ಲಿ ಹಿನ್ನೆಲೆಯ ಗೆರೆ ಎಲ್ಲಿ ಮುರಿದು ಮತ್ತೆ ಶುರುವಾಗಿದೆ ಎಂದು ಹುಡುಕಬೇಕು. ಹೊಸ ಗೆರೆ ಹಳೆಯದಕ್ಕಿಂತ ದಪ್ಪ, ಕಪ್ಪು.

ಇನ್‌ಫ್ರಾರೆಡ್ ಫಿಲ್ಟರ್ ಹಾಕಿಯೂ ನೋಡಿದೆ, ದುಡ್ಡು ದಂಡ. ಎರಡು ಕಾಲದ ಶಾಯಿಯೂ ಇಂಗಾಲದ ಕಪ್ಪೇ, ಬೇರೆಯಾಗಿ ಕಾಣುವುದಿಲ್ಲ. ಆದರೆ ಅದೇ ಟಾರ್ಚ್, ಲೂಪ್ ರಾಜರ ಮೆಜೊಟಿಂಟ್ ಚಿತ್ರಗಳ (ತಗಡನ್ನು ಚುಕ್ಕೆಗಳಿಂದ ಒರಟು ಮಾಡಿ ತೆಗೆದ ಅಚ್ಚು) ಮೇಲೂ ಚೆನ್ನಾಗಿ ನಡೆಯುತ್ತದೆ: ತಲೆ ತೆಗೆದ ಜಾಗಕ್ಕೆ ಮತ್ತೆ ಆ ಚುಕ್ಕೆ ಹಾಕುವ ಹಲ್ಲಿನ ಉಪಕರಣ ರಾಕರ್ ಆಡಿಸಲೇಬೇಕು, ಆ ತೇಪೆಯ ಚುಕ್ಕೆಸಾಲು ಸುತ್ತಲಿನದಕ್ಕೆ ಸರಿಹೊಂದುವುದು ಅಪರೂಪ.