ಅಂಡಮಾನಿನ ಆಳಸಮುದ್ರದಲ್ಲಿ ಗಾಳ: ಕೊಡಗಿನಿಂದ ಹೊರಡುವವರು ದೋಣಿ ಗೊತ್ತು ಮಾಡುವ ಬಗೆ

ಕಾವೇರಿಯಲ್ಲಿ ಮಹಶೀರ್ ಹಿಡಿದು ಪಳಗಿದವರು ಅಂಡಮಾನಿಗೆ ಹೊರಟಾಗ ಮೊದಲು ಕೇಳುವುದು ದೋಣಿಗೆ ದಿನಕ್ಕೆ ಎಷ್ಟು ಎಂದು. ಆ ಪ್ರಶ್ನೆ ಕೊನೆಗಿರಲಿ. ಯಾವ ತಿಂಗಳು, ಯಾವ ವಿಧಾನ, ದೋಣಿಯಲ್ಲಿ ಎಷ್ಟು ಜನ, ದಡದಿಂದ ಎಷ್ಟು ದೂರ ಎಂಬುದು ತೀರ್ಮಾನವಾಗದೆ ಹೇಳಿದ ದರಕ್ಕೆ ಅರ್ಥವೇ ಇಲ್ಲ. ನಾನು ಗೊತ್ತು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಡೀ ದೋಣಿಯನ್ನು ನಮಗಾಗಿಯೇ ಬಾಡಿಗೆಗೆ ಹಿಡಿಯುವವರಿಗೆ ಇದು ಅನ್ವಯ.

ಮೊದಲು ತಿಂಗಳು. ಮೇ ಮಧ್ಯದ ಹೊತ್ತಿಗೆ ಅಂಡಮಾನಿಗೆ ನೈಋತ್ಯ ಮಾರುತ ತಲುಪುತ್ತದೆ, ನಮಗಿಂತ ಎರಡು ವಾರ ಮೊದಲೇ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕಾಟ. ಉಳಿಯುವುದು ಡಿಸೆಂಬರಿನಿಂದ ಏಪ್ರಿಲ್. ತೋಟ ಇರುವವರಿಗೆ ತೊಡಕು ಇಲ್ಲೇ ಇದೆ: ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವುದು, ಹೂವಿಗೆ ಸ್ಪ್ರಿಂಕ್ಲರ್ ಹಾಕುವುದು, ಕರಿಮೆಣಸು, ಎಲ್ಲವೂ ಇದೇ ತಿಂಗಳುಗಳಲ್ಲಿ. ಹಾಗಾಗಿ ನಾನು ಹೇಳುವುದು ಏಪ್ರಿಲ್. ಗಾಳಿ ಕಡಿಮೆ, ನೀರು ತಿಳಿ, ಸಮುದ್ರ ಬಹುಪಾಲು ಸಮತಟ್ಟು. ಬಿಸಿಲು ಮಾತ್ರ ಸುಡುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬವಾದ ‘ಹಾಕಿ ನಮ್ಮೆ’ಯಲ್ಲಿ ಜೊತೆಯವರ ಕುಟುಂಬದ ತಂಡಕ್ಕೆ ಪಂದ್ಯ ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ. ಮುಂಗಡ ಕೊಟ್ಟ ಮೇಲೆ ಒಬ್ಬ ಹಿಂದೆ ಸರಿದರೆ ಅವನ ಪಾಲು ಉಳಿದವರ ತಲೆಗೆ ಬರುತ್ತದೆ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ. ಆ ದಿನಗಳ ಆಸುಪಾಸಿನಲ್ಲಿ ಭರತ ಇಳಿತದ ಅಂತರ ಅಲ್ಲಿ ಎರಡು ಮೀಟರಿನ ಹತ್ತಿರ ಹೋಗುತ್ತದೆ, ಬಂಡೆಗಳ ಅಂಚಿನಲ್ಲಿ ಸೆಳೆತ ಜೋರಾಗುತ್ತದೆ. ಮೇಲ್ಮೈಯಲ್ಲಿ ಪಾಪರ್ (ನೀರು ಚಿಮ್ಮಿಸುವ ಹುಸಿಮೀನು) ಎಸೆದು ಜೈಂಟ್ ಟ್ರೆವಲಿ, ಅಂದರೆ ಜಿ.ಟಿ. ಹಿಡಿಯುವವರಿಗೆ ಈ ಸೆಳೆತವೇ ಬೇಕು. ಓಡುವ ನೀರು ಸಣ್ಣ ಮೀನುಗಳನ್ನು ಬಂಡೆಯ ಅಂಚಿಗೆ ತಳ್ಳುತ್ತದೆ, ದೊಡ್ಡವು ಅಲ್ಲಿ ಕಾಯುತ್ತವೆ. ಆಳಕ್ಕೆ ಜಿಗ್ (ಭಾರದ ಲೋಹದ ಹುಸಿಮೀನು) ಇಳಿಸುವವರಿಗೆ ಇದು ಉಲ್ಟಾ. ಸೆಳೆತ ಹೆಚ್ಚಾದರೆ ಜಿಗ್ ತಳ ಮುಟ್ಟುವುದೇ ಇಲ್ಲ, ದಾರ ಓರೆಯಾಗಿ ಹೋಗುತ್ತದೆ. ಅವರಿಗೆ ಅಷ್ಟಮಿಯ ಆಸುಪಾಸಿನ ದಿನಗಳು ಒಳ್ಳೆಯವು. ಎರಡೂ ಬೇಕೆನ್ನುವವರು ಅಮಾವಾಸ್ಯೆ ಕಳೆದು ಮೂರನೇ ದಿನದಿಂದ ಶುರು ಮಾಡಿದರೆ ದಿನ ಕಳೆದಂತೆ ಸೆಳೆತ ಇಳಿಯುತ್ತದೆ, ಪಾಪರ್ ಮೊದಲು, ಜಿಗ್ ಆಮೇಲೆ.

ವಿಧಾನ ಯಾವುದೆಂದು ಹೇಳದೆ ದೋಣಿ ಗೊತ್ತು ಮಾಡಿದರೆ ಸಿಗುವುದು ಟ್ರೋಲಿಂಗ್. ದೋಣಿ ಓಡುತ್ತಿರುತ್ತದೆ, ಹಿಂದೆ ಲೂರ್, ಅಂದರೆ ಹುಸಿಮೀನನ್ನು ಎಳೆಯುತ್ತಿರುತ್ತದೆ, ಮೀನು ಬಿದ್ದಾಗ ರೀಲ್ ಸುತ್ತುವುದಷ್ಟೇ ನಮ್ಮ ಕೆಲಸ. ಅಂಜಲ್, ಬರಕುಡ, ವಾಹೂ, ಅದೃಷ್ಟವಿದ್ದರೆ ಸೇಲ್‌ಫಿಶ್ ಸಿಗುತ್ತದೆ. ಮಕ್ಕಳಿರುವ ಕುಟುಂಬಕ್ಕೆ ಇದೇ ಸರಿ, ಅರ್ಧ ದಿನ ಸಾಕು. ಗಾಳದ ಹುಚ್ಚಿರುವವರಿಗೆ ಮಾತ್ರ ಸಾಲದು. ಪಾಪರ್ ಎಸೆಯುವುದಾದರೆ ದೋಣಿಯ ಮುಂಭಾಗ ತೆರೆದಿರಬೇಕು, ತಲೆಯ ಮೇಲೆ ಚಾವಣಿಯಾಗಲಿ ತಂತಿಯಾಗಲಿ ಇರಬಾರದು, ಹಿಡಿದುಕೊಳ್ಳಲು ಸೊಂಟದೆತ್ತರದ ಕಂಬಿ ಇರಬೇಕು. ಮುಂದಿನಿಂದ ಒಮ್ಮೆಗೆ ಸುರಕ್ಷಿತವಾಗಿ ಎಸೆಯಬಲ್ಲವರು ಇಬ್ಬರೇ. ಹೀಗಾಗಿ ಒಂದು ದೋಣಿಗೆ ಮೂರು ಜನ, ಹೆಚ್ಚೆಂದರೆ ನಾಲ್ಕು. ಆರು ಜನ ಹಂಚಿಕೊಂಡರೆ ಅಗ್ಗವಾಯಿತು ಎನಿಸುತ್ತದೆ, ಆದರೆ ದಿನದ ಮುಕ್ಕಾಲು ಪಾಲು ಸರದಿ ಕಾಯುವುದರಲ್ಲೇ ಕಳೆಯುತ್ತದೆ. ಆರು ಜನ ಇದ್ದರೆ ಎರಡು ದೋಣಿ ಹಿಡಿಯಿರಿ, ಇಲ್ಲವೇ ಎರಡು ಸರದಿಯಲ್ಲಿ ಹೋಗಿ.

ದರದ ಬಹುಪಾಲು ಇಂಧನ. ಎರಡು 150 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಓಡುವಾಗ ಗಂಟೆಗೆ 50 ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತದೆ. ಜ್ವಾಲಾಮುಖಿ ಇರುವ ಬ್ಯಾರನ್ ದ್ವೀಪ ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರ. ಹೋಗಿ ಬರುವುದಕ್ಕೇ ಏಳೂವರೆ ಗಂಟೆ, 375 ಲೀಟರ್. ಅಲ್ಲಿಗೆ ಒಂದೇ ದಿನದಲ್ಲಿ ಕರೆದೊಯ್ಯುತ್ತೇವೆ ಎನ್ನುವವರನ್ನು ನಂಬಬೇಡಿ. ಅದು ರಾತ್ರಿ ದೋಣಿಯಲ್ಲೇ ತಂಗುವ ಪ್ರವಾಸ. ಲೆಕ್ಕ ಕೇಳುವಾಗ ಹೀಗೆ ಬಿಡಿಸಿ ಕೇಳಿ: ಈ ದರದಲ್ಲಿ ಎಷ್ಟು ಲೀಟರ್ ಇಂಧನ ಸೇರಿದೆ, ಮೀರಿದರೆ ಲೀಟರಿಗೆ ಎಷ್ಟು, ಎಂಟು ಗಂಟೆ ಎಂದರೆ ಜೆಟ್ಟಿ ಬಿಟ್ಟು ಜೆಟ್ಟಿ ಮುಟ್ಟುವವರೆಗೋ ಅಥವಾ ಜಾಗ ತಲುಪಿದ ಮೇಲೋ. ಡೀಸೆಲ್ ಎಂಜಿನ್ನಿನ ಊರಿನ ಡುಂಗಿ ದೋಣಿ ಬಹಳ ಅಗ್ಗ, ಆದರೆ ಆರೇಳು ನಾಟ್ ಮೀರುವುದಿಲ್ಲ. ದಡದ ಹತ್ತಿರ ತಳಗಾಳ ಹಾಕುವುದಕ್ಕೆ ಅದು ಸಾಕು. ಹೊರಗಿನ ಬಂಡೆಗಳಿಗೆ ಎರಡು ಎಂಜಿನ್ ಇರುವ ದೋಣಿಯೇ ಬೇಕು. ಒಂದು ಕೆಟ್ಟರೂ ಇನ್ನೊಂದು ದಡ ಮುಟ್ಟಿಸುತ್ತದೆ ಎಂಬುದೇ ಕಾರಣ.

ಮುಂಗಡ ಕಳಿಸುವ ಮೊದಲು ದೋಣಿಯ ನೋಂದಣಿ, ಮೀನುಗಾರಿಕೆ ಇಲಾಖೆಯ ಪರವಾನಗಿ, ವಿಮೆ, ಇವುಗಳ ಫೋಟೊ ತರಿಸಿಕೊಳ್ಳಿ. ಸರಿಯಾಗಿ ನಡೆಸುವವರು ತಕ್ಷಣ ಕಳಿಸುತ್ತಾರೆ. ತಲೆಗೊಂದು ಲೈಫ್ ಜಾಕೆಟ್, ವಿಎಚ್‌ಎಫ್ ರೇಡಿಯೊ, ಜಿಪಿಎಸ್, ಫಿಶ್ ಫೈಂಡರ್ ಇದೆಯೇ ಎಂದು ಕೇಳಿ. ಸಮುದ್ರದಲ್ಲಿ ಸ್ವಲ್ಪ ದೂರ ಹೋದರೆ ಮೊಬೈಲ್ ಸತ್ತಂತೆ. ರೇಡಿಯೊದಲ್ಲಿ ಆಪತ್ತಿನ ಕರೆಗೆ 16ನೇ ಚಾನೆಲ್, ದಡದಿಂದ ಕರಾವಳಿ ಕಾವಲು ಪಡೆಗೆ 1554. ಹೊರಡುವ ದಿನ ಮನೆಯವರಿಗೂ ಆ ಸಂಖ್ಯೆ ಕೊಟ್ಟಿರಿ. ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ದೋಣಿಯಲ್ಲಿ ಬೋಲ್ಟ್ ಕಟರ್ ಇದೆಯೇ? ಜಿ.ಟಿ.ಗೆ ಹಾಕುವ ಮೂರು ಮೊನೆಯ ಕೊಕ್ಕೆ ಕೈಗೆ ಹೊಕ್ಕರೆ ಸಾಮಾನ್ಯ ಇಕ್ಕಳದಲ್ಲಿ ಕತ್ತರಿಸಲಾಗದು.

ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಷರತ್ತನ್ನು ಬಾಯಿಮಾತಿನಲ್ಲಿ ಬಿಡದೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಹವಾಮಾನ ಎಚ್ಚರಿಕೆಯಿಂದ ಬಂದರಿನವರು ದೋಣಿ ಬಿಡದಿದ್ದರೆ ಪೂರ್ತಿ ವಾಪಸ್ಸೋ, ಬೇರೆ ದಿನವೋ? ಎಂಜಿನ್ ಕೆಟ್ಟು ಮಧ್ಯಾಹ್ನವೇ ಹಿಂದಿರುಗಿದರೆ? ನಮ್ಮವನಿಗೆ ವಾಂತಿಯಾಗಿ ಹಿಂದಿರುಗಿದರೆ? ಮೂರಕ್ಕೂ ಉತ್ತರ ಬೇರೆ ಬೇರೆ, ಮೂರನೆಯದಕ್ಕೆ ಹಣ ಹಿಂದೆ ಬರುವುದಿಲ್ಲ ಎನ್ನುವುದು ನ್ಯಾಯವೇ. ಬಾಡಿಗೆ ರಾಡ್ ಮುರಿದರೆ, ಲೂರ್ ಕಳೆದರೆ ಯಾರ ಖರ್ಚು ಎಂಬುದನ್ನೂ ಸೇರಿಸಿ. ಹೆಚ್ಚಿನ ಜಗಳ ನಡೆಯುವುದು ಅಲ್ಲೇ.

ದಿನಗಳನ್ನು ಜೋಡಿಸುವಾಗ ಗಾಳದ ದಿನಗಳನ್ನು ಪ್ರವಾಸದ ಮೊದಲಿಗಿಡಿ, ಸೆಲ್ಯುಲಾರ್ ಜೈಲು, ರಾಧಾನಗರ ಬೀಚು ಕೊನೆಗಿರಲಿ. ಗಾಳಿ ಎದ್ದು ಒಂದು ದಿನ ಹೋದರೆ ಮುಂದೂಡಲು ಜಾಗ ಇರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಮುನ್ಸೂಚನೆ ಕೊಡುತ್ತದೆ, ಅಲೆಯ ಎತ್ತರ ಮತ್ತು ಗಾಳಿಯ ವೇಗ ಎರಡನ್ನೂ ನೋಡಿ. ಅಲೆ ಒಂದೂವರೆ ಮೀಟರ್ ದಾಟಿದರೆ ಮುಂಭಾಗದಲ್ಲಿ ನಿಂತು ಎಸೆಯುವುದು ಕಷ್ಟ, ಎರಡು ದಾಟಿದರೆ ನಾನಂತೂ ಸಣ್ಣ ದೋಣಿ ಹತ್ತುವುದಿಲ್ಲ.

ಎಲ್ಲಿಗೆ ಹೋಗಬಾರದು ಎಂಬುದು ನಮಗೂ ತಿಳಿದಿರಬೇಕು. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ, ಹ್ಯಾವ್‌ಲಾಕ್ ಪಕ್ಕದ ದ್ವೀಪಗಳಲ್ಲಿರುವ ರಾಣಿ ಝಾನ್ಸಿ ಸಾಗರ ರಾಷ್ಟ್ರೀಯ ಉದ್ಯಾನ, ಎರಡರೊಳಗೂ ಗಾಳ ಹಾಕುವಂತಿಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿ ಒಳಗೆ ಕಾಲಿಡುವುದೇ ಅಪರಾಧ. ನಿಕೋಬಾರಿಗೆ ಬೇರೆ ಪಾಸ್ ಬೇಕು. ‘ಅಲ್ಲಿ ಮೀನು ಜಾಸ್ತಿ, ಯಾರೂ ನೋಡುವುದಿಲ್ಲ’ ಎನ್ನುವ ದೋಣಿಯವನನ್ನು ಆ ಕ್ಷಣವೇ ಬಿಟ್ಟುಬಿಡಿ. ದೈತ್ಯ ಗ್ರೂಪರ್, ಆಮೆ, ಹವಳ ಎಲ್ಲಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ.

ಇನ್ನು ಸಾಮಾನು. ಮಹಶೀರ್‌ಗೆ ಬಳಸುವ ರಾಡು, ಇಪ್ಪತ್ತು ಮೂವತ್ತು ಪೌಂಡಿನ ನೈಲಾನ್ ದಾರ, ರಾಗಿ ಮುದ್ದೆಯ ಗಾಳ, ಇವು ಯಾವುವೂ ಅಲ್ಲಿ ನಡೆಯುವುದಿಲ್ಲ. ಜಿ.ಟಿ.ಗೆ ಪಿಇ 8 (ಪಿಇ ಎಂಬುದು ದಾರದ ದಪ್ಪದ ಅಳತೆ) ಹೆಣಿಗೆ ದಾರ, 300 ಮೀಟರ್ ಹಿಡಿಸುವ 18000 ಅಥವಾ 20000 ಗಾತ್ರದ ಸ್ಪಿನ್ನಿಂಗ್ ರೀಲ್, ಎಂಟಡಿ ಹತ್ತಿರದ ರಾಡ್, ದಾರದ ತುದಿಗೆ ಕಟ್ಟುವ ದಪ್ಪ ಎಳೆಯಾದ ಲೀಡರ್, 150ರಿಂದ 170 ಪೌಂಡಿನ ನೈಲಾನ್, ಎರಡು ಮೀಟರ್, ನೂರರಿಂದ ನೂರೈವತ್ತು ಗ್ರಾಮಿನ ಪಾಪರ್. ದಾರ ಮತ್ತು ಲೀಡರ್ ಸೇರಿಸಲು ಎಫ್‌ಜಿ ಗಂಟು: ಇಪ್ಪತ್ತು ಸುತ್ತು, ಒದ್ದೆ ಮಾಡಿ ಬಿಗಿಯಾಗಿ ಎಳೆಯಬೇಕು, ಹೆಣಿಗೆಯ ಬಣ್ಣ ಗಾಢವಾಗಿ ಲೀಡರಿಗೆ ಕಚ್ಚಿದ್ದು ಕಾಣಬೇಕು, ಆಮೇಲೆ ಅರ್ಧಗಂಟುಗಳು. ದೋಣಿ ಕುಣಿಯುವಾಗ ಇದನ್ನು ಕಲಿಯಲಾಗದು, ಮನೆಯಲ್ಲೇ ಕೈಗೆ ಹತ್ತಿಸಿಕೊಳ್ಳಿ. ಹೊಸ ದಾರವನ್ನು ರೀಲಿಗೆ ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಂಡು ಪಟ್ಟೆಂದು ಹರಿಯುತ್ತದೆ. ಆಳಕ್ಕೆ ಹಾಕುವ ಜಿಗ್‌ಗೆ ನನ್ನ ಲೆಕ್ಕ ಮೀಟರ್ ಆಳಕ್ಕೆ ಎರಡು ಗ್ರಾಂ, ಸೆಳೆತವಿದ್ದರೆ ಮೂರು.

ಡ್ರ್ಯಾಗ್, ಅಂದರೆ ಮೀನು ದಾರ ಎಳೆಯುವಾಗ ರೀಲ್ ತಡೆಯುವ ಬಿಗಿ, ಇದರ ವಿಷಯದಲ್ಲಿ ನದಿಯ ಅಭ್ಯಾಸವೇ ಶತ್ರು. ಕಾವೇರಿಯಲ್ಲಿ ಮೀನನ್ನು ಓಡಲು ಬಿಟ್ಟು ದಣಿಸುತ್ತೇವೆ. ಜಿ.ಟಿ. ಕಚ್ಚಿದ ಕೂಡಲೇ ಬಂಡೆಯ ಕಡೆ ನುಗ್ಗುತ್ತದೆ, ಇಪ್ಪತ್ತು ಮೀಟರ್ ಬಿಟ್ಟರೆ ಹವಳಕ್ಕೆ ಉಜ್ಜಿ ದಾರ ಹೋಗುತ್ತದೆ, ಕೊಕ್ಕೆ ಬಾಯಲ್ಲಿಟ್ಟುಕೊಂಡ ಮೀನೂ ಹೋಗುತ್ತದೆ. ಡ್ರ್ಯಾಗನ್ನು ದಾರದ ಶಕ್ತಿಯ ಮೂರನೇ ಒಂದು ಪಾಲಿನ ಆಸುಪಾಸಿಗೆ, ಅಂದರೆ ಪಿಇ 8ಕ್ಕೆ ಹತ್ತರಿಂದ ಹನ್ನೆರಡು ಕಿಲೊಗೆ ಮೊದಲೇ ಕೂರಿಸಬೇಕು. ತೋಟದಲ್ಲಿ ಕಾಫಿ ಹಣ್ಣು ತೂಗುವ ಕೊಕ್ಕೆ ತಕ್ಕಡಿಯಿದ್ದರೆ ಲೀಡರನ್ನು ಅದಕ್ಕೆ ಕಟ್ಟಿ ಎಳೆದು ನೋಡಿ. ಹನ್ನೆರಡು ಕಿಲೊ ಎಷ್ಟು ಭಾರ ಎಂಬುದು ಸೊಂಟಕ್ಕೆ ಆಗ ಗೊತ್ತಾಗುತ್ತದೆ. ರಾಡನ್ನು ಮೇಲೆ ಎತ್ತಬೇಡಿ, ಕೆಳಗಿನ ಕೋನದಲ್ಲೇ ಇಡಿ, ನೆಟ್ಟಗೆ ನಿಲ್ಲಿಸಿದ ರಾಡು ತುದಿಯಲ್ಲಿ ಮುರಿಯುತ್ತದೆ.

ಬಾಡಿಗೆ ರಾಡು ಹಿಡಿಯುವವರು ಜೆಟ್ಟಿಯಲ್ಲೇ ದಾರ ಹಾಯುವ ಪ್ರತಿ ಉಂಗುರದೊಳಗೆ ಸ್ವಲ್ಪ ಹತ್ತಿ ಆಡಿಸಿ. ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಅಂಥ ಉಂಗುರ ಹೆಣಿಗೆ ದಾರವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಸ್ವಂತದ್ದನ್ನು ಒಯ್ಯುವುದಾದರೆ ರಾಡಿನ ಅತಿ ಉದ್ದದ ತುಂಡನ್ನು ಅಳೆದು, ಅಷ್ಟು ಉದ್ದದ ಕೊಳವೆ ಒಯ್ಯಬಹುದೇ ಎಂದು ಟಿಕೆಟ್ ಮಾಡುವಾಗಲೇ ವಿಮಾನದವರನ್ನು ಕೇಳಿ. ನಾಲ್ಕಿಂಚಿನ ಪಿವಿಸಿ ಪೈಪು, ಎರಡೂ ಬದಿ ಮುಚ್ಚಳ, ಒಳಗೆ ಬಟ್ಟೆ, ಇಷ್ಟು ಸಾಕು. ಕೊಕ್ಕೆ, ಜಿಗ್, ಇಕ್ಕಳ ಎಲ್ಲವೂ ಚೆಕ್‌ಇನ್ ಚೀಲಕ್ಕೆ. ಇನ್ನೂರು ಗ್ರಾಮಿನ ಇಪ್ಪತ್ತು ಜಿಗ್ ಎಂದರೆ ನಾಲ್ಕು ಕಿಲೊ, ಹದಿನೈದು ಕಿಲೊ ಮಿತಿ ಬೇಗ ತುಂಬುತ್ತದೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದು ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ನಿಜ. ಆದರೂ ದಾರಿಯಲ್ಲಿ ವಿಮಾನ ಬದಲಿಸುವಾಗ ರಾಡಿನ ಕೊಳವೆ ಹಿಂದುಳಿಯುವ ಅಪಾಯ ಇರುವುದರಿಂದ ಬೆಂಗಳೂರಿನಿಂದ ನೇರ ವಿಮಾನವೇ ನನ್ನ ಆಯ್ಕೆ. ಟಿಕೆಟ್ಟಿನಲ್ಲಿ ಪೋರ್ಟ್ ಬ್ಲೇರ್ ಬದಲು ಶ್ರೀ ವಿಜಯಪುರಂ, ಹ್ಯಾವ್‌ಲಾಕ್ ಬದಲು ಸ್ವರಾಜ್ ದ್ವೀಪ ಎಂದಿದ್ದರೆ ಗಾಬರಿ ಬೇಡ.

ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅಲ್ಲಿ ಮಡಿಕೇರಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ ಹುಟ್ಟುತ್ತಾನೆ. ಏಪ್ರಿಲಿನಲ್ಲಿ ಐದೂಕಾಲಿಗೆ ಬೆಳಕು, ಸಂಜೆ ಐದೂವರೆಗೆ ಕತ್ತಲಾಗುವ ಹೊತ್ತು. ಎಂಟಕ್ಕೆ ಹೊರಡುತ್ತೇವೆ ಎನ್ನುವ ದೋಣಿ ಮೀನು ಹಸಿದಿರುವ ಹೊತ್ತನ್ನು ಕಳೆದಿರುತ್ತದೆ, ಐದೂವರೆಗೆ ಜೆಟ್ಟಿ ಬಿಡಬೇಕೆಂದು ಮೊದಲೇ ಒಪ್ಪಿಸಿ. ಘಾಟಿ ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಸಮುದ್ರದಲ್ಲಿ ಖಂಡಿತ ತೊಳಸುತ್ತದೆ. ವೈದ್ಯರನ್ನು ಕೇಳಿ ಅವೊಮಿನ್ ಮಾತ್ರೆಯನ್ನು ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಿಂದಿನ ಸಂಜೆ ಮದ್ಯ ಬೇಡವೇ ಬೇಡ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಕಾವೇರಿ ದಡದ ವಾಲ್ನೂರಿನಲ್ಲಿ ಹಿಡಿದ ಮಹಶೀರನ್ನು ಬಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ, ಅದನ್ನೇ ಅಲ್ಲಿಗೂ ಒಯ್ಯಿರಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಮೀನನ್ನು ಕಿವಿರಿನಿಂದ ತೂಗುಹಾಕಬೇಡಿ, ಹೊಟ್ಟೆಯ ಕೆಳಗೆ ಕೈಕೊಟ್ಟು ಅಡ್ಡಲಾಗಿ ಹಿಡಿಯಿರಿ, ಒಂದೆರಡು ಫೋಟೊ, ಆಮೇಲೆ ತಲೆ ಮುಂದಾಗಿ ನೀರಿಗೆ ಜೋರಾಗಿ ಬಿಡಿ, ಆ ವೇಗದಲ್ಲೇ ಕಿವಿರೊಳಗೆ ನೀರು ನುಗ್ಗುತ್ತದೆ. ಎಂಬತ್ತು ಮೀಟರ್ ಆಳದಿಂದ ಎಳೆದ ಗ್ರೂಪರ್‌ಗೆ ಇದು ಸಾಲದು. ಮೇಲೆ ಬರುವಾಗ ಅದರ ಗಾಳಿಚೀಲ ಉಬ್ಬಿರುತ್ತದೆ, ಬಿಟ್ಟರೂ ಮುಳುಗಲಾರದೆ ತೇಲುತ್ತದೆ. ಭಾರ ಕಟ್ಟಿ ಕೆಳಗಿಳಿಸುವ ಸಲಕರಣೆ ದೋಣಿಯಲ್ಲಿ ಇಲ್ಲದಿದ್ದರೆ ತಿನ್ನುವಷ್ಟು ಸಿಕ್ಕ ಮೇಲೆ ಆಳದ ಗಾಳ ನಿಲ್ಲಿಸುವುದೇ ಸರಿ. ತಿನ್ನಲು ಸಣ್ಣ ಅಂಜಲ್, ಟ್ಯೂನ ಇಟ್ಟುಕೊಳ್ಳಿ. ದೊಡ್ಡ ಬರಕುಡ, ದೊಡ್ಡ ಜಿ.ಟಿ. ಬೇಡ: ಹವಳದ ಮೇಲಿನ ಸೂಕ್ಷ್ಮ ಪಾಚಿಯ ವಿಷ ಸಣ್ಣ ಮೀನಿನಿಂದ ದೊಡ್ಡದಕ್ಕೆ ಸೇರಿ ಶೇಖರವಾಗಿರಬಹುದು, ಎಷ್ಟು ಹುರಿದರೂ, ಕಾಚಂಪುಳಿ ಹಾಕಿ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಪ್ರತಿ ಸಂಜೆ ಡ್ರ್ಯಾಗ್ ಬಿಗಿ ಮಾಡಿ ರೀಲನ್ನು ಸಿಹಿನೀರಿನ ತುಂತುರಿನಲ್ಲಿ ತೊಳೆಯಿರಿ. ಜೋರು ಪೈಪು ಬೇಡ, ಉಪ್ಪನ್ನು ಒಳಕ್ಕೆ ತಳ್ಳುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ. ಊರಿಗೆ ಬಂದ ವಾರದೊಳಗೆ ದಾರದ ಮೇಲಿನ ಐವತ್ತು ಮೀಟರ್ ಬಿಚ್ಚಿ ನೆನೆಸಿ ಒಣಗಿಸಿ, ಲೂರ್‌ಗಳ ಕೊಕ್ಕೆ ಕಳಚಿ ಬೇರೆ ಡಬ್ಬಿಯಲ್ಲಿಡಿ. ಜೂನ್ ಮಳೆ ಹಿಡಿಯುವ ಮೊದಲು ಇದು ಮುಗಿಯಬೇಕು. ಉಪ್ಪು ಉಳಿದ ರೀಲ್ ಕೊಡಗಿನ ಮಳೆಗಾಲದ ತೇವದಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಬೇರಿಂಗ್ ಹಿಡಿದು ಕೂತಿರುತ್ತದೆ.